ಲೆಕ್ಕದಿಂದ ಹೊರಗಿಟ್ಟ ಹುಡುಗಿ

ಶ್ವೇತಾ ಬಿದ್ದದ್ದು ಶನಿವಾರ ಸಂಜೆ, ಐದಕ್ಕೆ ಹತ್ತು ನಿಮಿಷ ಇದ್ದಾಗ.

ಚೆಂಡು ಅವಳ ಕೈಯಲ್ಲೇ ಇತ್ತು. ಎದುರಿಗೆ ಅಡ್ಡ ಬರುವವರು ಯಾರೂ ಇರಲಿಲ್ಲ. ಅಂಥ ಜಾಗದಿಂದ ಆಕೆ ಕಣ್ಣು ಮುಚ್ಚಿಕೊಂಡು ಬುಟ್ಟಿಗೆ ಹಾಕುತ್ತಿದ್ದಳು. ಇವತ್ತು ಕಣ್ಣು ಮುಚ್ಚಿದ್ದೇನೋ ಖರೆ, ಕೈ ಮಾತ್ರ ಮೇಲೇಳಲಿಲ್ಲ. ಮೊಣಕಾಲು ಕುಸಿಯಿತು. ರಿಂಗಿನ ಕಬ್ಬಿಣದ ಕಂಬಕ್ಕೆ ಹಣೆ ಬಡಿಯಿತು. ಸಿಮೆಂಟಿನ ಅಂಕಣದ ಮೇಲೆ ರಕ್ತ ಹರಿಯತೊಡಗಿತು.

ಹಾವೇರಿಯ ಮೈದಾನದಲ್ಲಿ ಆಟ ನಿಂತಿತು. ಬೆಂಗಳೂರಿನಿಂದ ಬಂದಿದ್ದ ರಾಜ್ಯ ತಂಡದ ಆಯ್ಕೆದಾರರು ನೋಟ್‌ಬುಕ್ ಮಡಚಿ ಎದ್ದು ನಿಂತರು. ಪಾಪ, ಅವರು ಬಂದದ್ದೇ ಈ ಹುಡುಗಿಯ ಆಟ ನೋಡಲು.

ಅಂಕಣದ ಅಂಚಿನಲ್ಲಿ ಕೂತಿದ್ದ ಸುರೇಖಾಳಿಗೆ ಇನ್ನೊಂದು ಕಂಡಿತು. ಆಕೆ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಎಲ್ಲರೂ ಒಂದು ಕಡೆ ನೋಡುವಾಗ ಉಳಿದದ್ದನ್ನು ನೋಡುವ ಚಟ. ಗೆಳತಿ ರಕ್ತ ಸುರಿಸಿ ಬಿದ್ದಿದ್ದಾಳೆ, ಉಳಿದ ಹುಡುಗಿಯರು ಆಕಳಿಸುತ್ತಿದ್ದಾರೆ. ಒಬ್ಬಳಂತೂ ನಿಂತಲ್ಲೇ ತೂಗುತ್ತಿದ್ದಳು. ಶ್ವೇತಾಳನ್ನು ಹೊತ್ತುಕೊಂಡು ಜೀಪಿನ ಕಡೆ ಓಡಿದವರು ಇಬ್ಬರೇ: ಕೋಚ್ ಫಕ್ಕೀರಪ್ಪ, ಮತ್ತು ತಂಡದ ಎಂಟನೇ ಹುಡುಗಿ ಬಿಬಿಜಾನ್.

ಜೀಪು ಶ್ವೇತಾಳ ಅಪ್ಪನದು. ಬ್ಯಾಡಗಿಯ ಮೆಣಸಿನಕಾಯಿ ದಲಾಲ ಶಂಭುಲಿಂಗ. ವರದಾ ಬಾಸ್ಕೆಟ್‌ಬಾಲ್ ಸಂಘದ ಅಧ್ಯಕ್ಷನೂ ಅವನೇ. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತು ಹೇಳುತ್ತಿದ್ದ. "ಏನೂ ಆಗೂದಿಲ್ಲವ್ವಾ. ಏನೂ ಆಗೂದಿಲ್ಲ."

ಆಸ್ಪತ್ರೆಯಲ್ಲಿ ಡಾಕ್ಟರು ಹಣೆಗೆ ಎಂಟು ಹೊಲಿಗೆ ಹಾಕಿದರು. ಹೊರಗೆ ಬಂದು ಇನ್ಸ್‌ಪೆಕ್ಟರ್ ಮೈಲಾರಲಿಂಗನನ್ನು ಪಕ್ಕಕ್ಕೆ ಕರೆದರು.

"ಇದು ದಣಿವಲ್ಲ. ನಿದ್ದೆ ಬರಿಸುವ ಔಷಧ. ನೆಗಡಿ, ಅಲರ್ಜಿಗೆ ಕೊಡುವ ಜಾತಿಯದು. ಆದರೆ ಬಹಳ ಹೋಗಿದೆ. ಹುಡುಗಿಗೆ ಇನ್ನೂ ಎಚ್ಚರ ಬಂದಿಲ್ಲ."

"ಅರ್ಧ ಆಟ ಮುಗಿದಾಗ ಹುಡುಗ್ಯಾರಿಗೆ ಏನ್ ಕೊಟ್ರಿ?" ಮೈಲಾರಲಿಂಗ ಫಕ್ಕೀರಪ್ಪನನ್ನು ಕೇಳಿದ.

"ಪಾನಕ. ಅದರಾಗ ಗ್ಲೂಕೋಸ್ ಹಾಕಿ ಕೊಡ್ತೇನಿ. ದಿನಾ."

"ಯಾರು ಕಲಸೂದು?"

"ನಾನ."

ಅಷ್ಟು ಸಾಕಾಗಿತ್ತು. ಅದರ ಮೇಲೆ ಶಂಭುಲಿಂಗ ಕೈಚೀಲದಿಂದ ಒಂದು ವರದಿಯನ್ನೂ ತೆಗೆದು ಮುಂದಿಟ್ಟ. "ಓದಿ ನೋಡ್ರಿ ಸಾಹೇಬ್ರ. ಇಂವ ಬಂದಾಗಿಂದ ಪ್ರತಿ ಆಟದಾಗೂ ಅರ್ಧ ಮುಗದ ಮ್ಯಾಲೆ ಹುಡುಗ್ಯಾರು ಕುಸೀತಾರ. ಎದುರಿನವರ ಜೋಡಿ ಕೈ ಮಿಲಾಯಿಸ್ಯಾನೋ ಏನೋ. ನನ್ನ ಮಾತಲ್ಲ, ಲೆಕ್ಕದ ಮಾತು. ಮೇಡಂ ಬರದಾರ."

ಹಿಂದೆಯೇ ಆಸ್ಪತ್ರೆಗೆ ಬಂದಿದ್ದ ಸುರೇಖಾ ತಲೆ ತಗ್ಗಿಸಿದಳು. ವರದಿ ಅವಳದೇ. ನಿನ್ನೆಯಷ್ಟೇ ಸಹಿ ಹಾಕಿ ಕೊಟ್ಟಿದ್ದಳು.

ಪೊಲೀಸರು ಫಕ್ಕೀರಪ್ಪನನ್ನು ವಿಚಾರಣೆಗೆಂದು ಕರೆದೊಯ್ದರು. ಇಪ್ಪತ್ತು ವರ್ಷ ಫೌಜಿನಲ್ಲಿ ಇದ್ದು, ಒಂದು ಕಪ್ಪು ಚುಕ್ಕೆ ಇಲ್ಲದೆ ಊರಿಗೆ ಬಂದ ಮನುಷ್ಯ. ಮಂಗಳವಾರ ಸಂಘದ ಸಭೆಯಲ್ಲಿ ಅವನನ್ನು ತೆಗೆಯುವುದು, ಬುಧವಾರ ಬಂಧನ ತೋರಿಸಿ ಕೋರ್ಟಿಗೆ ಹಾಜರು ಮಾಡುವುದು ಅಂತ ಮಾತಾಯಿತು. ಹುಡುಗಿಯರಿಗೆ ಮದ್ದು ಹಾಕಿದವನು ಅನ್ನಿಸಿಕೊಂಡರೆ ಆಮೇಲೆ ಯಾವ ಊರು ಅವನನ್ನು ಮೈದಾನದೊಳಗೆ ಬಿಟ್ಟುಕೊಳ್ಳುತ್ತದೆ?

*

ಆ ವರದಿ ಹುಟ್ಟಿದ್ದು ಹೀಗೆ. ನವೆಂಬರಿನಲ್ಲಿ ಶಂಭುಲಿಂಗ ಕಾಲೇಜಿಗೇ ಬಂದಿದ್ದ. "ಕೋಚ್ ಚೊಲೋ ಅದಾನೋ ಇಲ್ಲೋ ಅಂತ ಕಮಿಟಿಯೊಳಗ ದಿನಾ ಜಗಳ. ನಿಮ್ಮ ಕಂಪ್ಯೂಟರ್ ಏನ್ ಹೇಳತೈತಿ ನೋಡ್ರಿ" ಅಂದ. ಸುರೇಖಾ ಉಬ್ಬಿಹೋದಳು. ೨೦೦೧ನೇ ಇಸವಿ, ಅವಳ ವಿಷಯ ಒಂದು ಇದೆ ಅಂತ ನೆನಪಿಟ್ಟುಕೊಂಡು ಬಂದವರೇ ಕಡಿಮೆ.

ಯಾರು ಎಷ್ಟು ಬುಟ್ಟಿ ಹಾಕಿದರು ಅನ್ನುವ ಸಾದಾ ಲೆಕ್ಕ ಅದಲ್ಲ. ಒಬ್ಬ ಹುಡುಗಿ ಅಂಕಣದಲ್ಲಿದ್ದಾಗ ತಂಡ ಎಷ್ಟು ಅಂಕ ಗಳಿಸಿತು, ಎಷ್ಟು ಬಿಟ್ಟುಕೊಟ್ಟಿತು. ಆಕೆ ಹೊರಗೆ ಕೂತಾಗ ಏನಾಯಿತು. ಎದುರಾಳಿ ಗಟ್ಟಿಯೋ ಪೊಳ್ಳೋ. ಎಲ್ಲ ತೂಗಿ ಒಬ್ಬೊಬ್ಬಳ ನಿಜವಾದ ತೂಕ ತೆಗೆಯಬೇಕು. ಹೋದ ವರ್ಷ ಹಳೆಯ ಕೋಚ್ ರುದ್ರಮುನಿಯ ಕೈಯಲ್ಲಿ ಅದೇ ಹುಡುಗಿಯರ ತೂಕ ಎಷ್ಟಿತ್ತು, ಈಗ ಎಷ್ಟಿದೆ? ಆ ವ್ಯತ್ಯಾಸವೇ ಕೋಚಿನ ಫಲ.

ಹನ್ನೊಂದು ಆಟದ ಅಂಕಪಟ್ಟಿ ತೂಗಿದಳು. ಮೊದಲ ಅರ್ಧದಲ್ಲಿ ಹುಡುಗಿಯರು ಹೋದ ವರ್ಷಕ್ಕಿಂತ ಎಷ್ಟೋ ಮುಂದು. ಎರಡನೇ ಅರ್ಧದಲ್ಲಿ ಎಷ್ಟೋ ಹಿಂದು. ನಡುವೆ ಏನಿದೆ? ಫಕ್ಕೀರಪ್ಪನ ಫೌಜಿ ಗದರಿಕೆ. 'ಕೋಚಿನ ಮಧ್ಯಂತರದ ಬೈಗುಳ ಆಟಗಾರ್ತಿಯರ ಸತ್ವ ಕೆಡಿಸುತ್ತಿದೆ' ಎಂದು ಬರೆದು ಮುಗಿಸಿದಳು. ಏನು ಜೋರು ವಾಕ್ಯ! ಈಗ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಠಾಣೆಗೆ ಹೋದಳು. ಫಕ್ಕೀರಪ್ಪ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದ. ಮುಂದೆ ಆ ವರದಿಯ ಪ್ರತಿ.

"ಬರ್ರಿ ಮೇಡಂ. ರಾತ್ರಿಯೆಲ್ಲಾ ಇದನ್ನ ಓದೇನಿ."

"ನಾ ಔಷಧದ ಮಾತು ಬರದಿಲ್ಲರಿ. ಅವರು ಹಂಗ ಓದಾಕತ್ತಾರ."

"ಬೈಗುಳಕ್ಕ ಹುಡುಗ್ಯಾರು ಕುಸೀತಾರ ಅಂತ ಬರದೀರಿ. ಬೈತೇನಿ, ಸುಳ್ಳಲ್ಲ. ಒಂದ ಮಾತು ಕೇಳ್ತೇನಿ. ತಂಡದಾಗ ಎಂಟು ಮಂದಿ. ಇಲ್ಲಿ ಏಳು ಹೆಸರು. ಬಿಬಿಜಾನ್ ಎಲ್ಲಿ?"

"ನಡುವ ರಮಜಾನ್ ಬಂತಲ್ರಿ. ಆಕಿ ರೋಜಾ ಇರ್ತಾಳ. ಉಪವಾಸ ಇದ್ದಾಕಿ ಅಂಕಿ ಉಳದವರ ಜೋಡಿ ಸೇರಿಸಿದ್ರ ಲೆಕ್ಕ ಕೆಡತೈತಿ ಅಂತ ಬಿಟ್ಟೆ."

ಫಕ್ಕೀರಪ್ಪ ಅವಳ ಮುಖವನ್ನೇ ನೋಡಿದ. "ಖಾಲಿ ಹೊಟ್ಟಿಲೆ, ಹನಿ ನೀರು ಕುಡೀದ ಆಡಾಕಿ ಕಡೀತನಾ ಓಡ್ತಾಳ. ಹಾಲು ಹಣ್ಣು ತಿಂದವರು ಬೀಳ್ತಾರ. ನಾನು ಪೆದ್ದ, ನನಗ ಹೊಳೀಲಿಲ್ಲ. ನೀವು ಕಲತವರು. ನಿಮಗೂ ಹೊಳೀಲಿಲ್ಲೇನು?"

ಸುರೇಖಾಳಿಗೆ ಕೂತಲ್ಲಿ ಕೂರಲಾಗಲಿಲ್ಲ.

*

ಒಂದು ತಾಸಿನಲ್ಲಿ ಆಕೆ ರಾಣೆಬೆನ್ನೂರಿನ ಕಾಲೇಜಿನ ಕಂಪ್ಯೂಟರ್ ಮುಂದಿದ್ದಳು. ಬಿಟ್ಟ ಸಾಲನ್ನು ತಿರುಗಿ ತುಂಬಿದಳು.

ರಮಜಾನ್‌ಗೆ ಮೊದಲು ಆರು ಆಟ. ಉಳಿದವರು ಕುಸಿದಾಗ ಬಿಬಿಜಾನಳೂ ಕುಸಿದಿದ್ದಳು, ಅವರಷ್ಟೇ. ರಮಜಾನ್ ಶುರುವಾದ ಮೇಲೆ ಐದು ಆಟ. ಉಳಿದವರು ಕುಸಿದಾಗಲೂ ಬಿಬಿಜಾನ್ ಕುಸಿಯಲಿಲ್ಲ. ಒಂದು ಸಲವೂ ಇಲ್ಲ.

ಅದೇ ಕೋಚ್. ಅದೇ ಬೈಗುಳ. ಅದೇ ಸಿಮೆಂಟು, ಅದೇ ಬಿಸಿಲು. ಬದಲಾದದ್ದು ಒಂದೇ: ಆಕೆ ಕುಡಿಯುವುದನ್ನು ಬಿಟ್ಟಿದ್ದಳು. ಹಾಗಾದರೆ ಹುಡುಗಿಯರನ್ನು ಕೆಡವುತ್ತಿದ್ದದ್ದು ಕೋಚಿನ ಬಾಯಲ್ಲ, ಆ ಪಾನಕ. ಶನಿವಾರ ಒಂದೇ ದಿನವಲ್ಲ, ಅಕ್ಟೋಬರಿನಿಂದಲೂ.

ಲೆಕ್ಕ ಕೆಡುತ್ತದೆ ಅಂತ ಆಕೆ ಹೊರಗಿಟ್ಟ ಸಾಲೇ ಸತ್ಯ ಹೇಳುವ ಸಾಲಾಗಿತ್ತು. ತನ್ನನ್ನೇ ನಾಲ್ಕು ಬೈದುಕೊಂಡಳು. ಬೈದುಕೊಂಡು ಏನು ಬಂತು? ಪಾನಕಕ್ಕೆ ಗ್ಲೂಕೋಸ್ ಕಲಸುವವನು ಫಕ್ಕೀರಪ್ಪನೇ. ಈ ಲೆಕ್ಕ ಅವನ ಕೊರಳಿನ ಹಗ್ಗವನ್ನು ಇನ್ನೂ ಬಿಗಿ ಮಾಡುವಂತಿತ್ತು.

ಆಗ ನೆನಪಾಯಿತು. ಶನಿವಾರ ಆಟಕ್ಕೆ ಮೊದಲು ಪಾನಕದ ಜಗ್ಗಿನ ಹತ್ತಿರ ಒಬ್ಬ ನಿಂತಿದ್ದ. ರುದ್ರಮುನಿ. ಹಳೆಯ ಕೋಚ್, ಕೆಲಸ ಕಳೆದುಕೊಂಡವನು. ಫಕ್ಕೀರಪ್ಪ ಹೋದರೆ ಮತ್ತೆ ಕರೆ ಬರುವುದು ಅವನಿಗೇ.

ಮಧ್ಯಾಹ್ನದ ಬಸ್ಸಿಗೆ ಮತ್ತೆ ಹಾವೇರಿ. ರುದ್ರಮುನಿ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ.

"ಜಗ್ಗಿನ ಹತ್ರ ಏನ್ ಮಾಡಾಕತ್ತಿದ್ರಿ ಸರ್?"

"ನೀರಡಿಕಿ ಆಗಿತ್ತು. ಎರಡು ಗ್ಲಾಸ್ ಕುಡದೆ. ಯಾಕ, ತಪ್ಪಾತೇನು?"

"ಆಟ ಪೂರಾ ನೋಡಿದ್ರೇನು?"

"ಎಲ್ಲೀದು. ತಲಿ ಭಾರ ಆತು. ಮನೀಗೆ ಬಂದು ಬಿದ್ದಾವಗ ಮರುದಿನ ಬೆಳಗ್ಗೆನ ಎಚ್ಚರ. ನಮ್ಮಾಕಿ ಎಬ್ಬಿಸಿ ಎಬ್ಬಿಸಿ ಸಾಕಾದ್ಲು."

"ನೀವು ಕುಡದಾಗ ಗ್ಲೂಕೋಸ್ ಹಾಕಿದ್ರೇನು?"

"ಇಲ್ರಿ. ಆಟ ಸುರು ಆಗಿದ್ದಿಲ್ಲ. ಡಬ್ಬಿ ಇನ್ನೂ ಫಕ್ಕೀರಪ್ಪನ ಕೈಚೀಲದಾಗ ಇತ್ತು."

ಇಬ್ಬರು ಒಂದೇ ಮಾತಿನಲ್ಲಿ ಪಾರಾದರು. ರುದ್ರಮುನಿ ಮದ್ದು ಹಾಕಿದವನಾದರೆ ತಾನೇ ಎರಡು ಗ್ಲಾಸ್ ಕುಡಿಯುತ್ತಿರಲಿಲ್ಲ. ಅದೂ ಅಲ್ಲದೆ ಹಾವೇರಿಯ ಆಟಗಳನ್ನು ಬಿಟ್ಟರೆ ಅವನು ಎಲ್ಲಿಗೂ ಬರುತ್ತಿರಲಿಲ್ಲ. ಹುಡುಗಿಯರು ಬ್ಯಾಡಗಿಯಲ್ಲೂ ರಾಣೆಬೆನ್ನೂರಿನಲ್ಲೂ ಕುಸಿದಿದ್ದರು. ಮತ್ತು ಮದ್ದು ಗ್ಲೂಕೋಸಿನಲ್ಲಿ ಇರಲಿಲ್ಲ. ಜಗ್ಗು ಮೈದಾನಕ್ಕೆ ಬರುವ ಹೊತ್ತಿಗೇ ಅದರಲ್ಲಿತ್ತು.

ಜಗ್ಗು ಬರುತ್ತಿದ್ದದ್ದು ಶಂಭುಲಿಂಗನ ಮನೆಯಿಂದ, ಅವನ ಜೀಪಿನಲ್ಲಿ.

ಸುರೇಖಾ ಆ ವಿಚಾರವನ್ನು ತಲೆಯಿಂದ ಝಾಡಿಸಿದಳು. ಸ್ವಂತ ಮಗಳಿಗೆ? ಆಸ್ಪತ್ರೆಯಲ್ಲಿ ಊಟ ನೀರು ಬಿಟ್ಟು ಕೂತ ಅಪ್ಪ?

*

ಸೋಮವಾರ ಬೆಳಿಗ್ಗೆ ಅಂಕಪಟ್ಟಿಗಳನ್ನು ಮತ್ತೆ ಹರವಿದಳು. ಹನ್ನೊಂದರಲ್ಲಿ ನಾಲ್ಕು ಆಟದಲ್ಲಿ ಯಾರೂ ಕುಸಿದಿರಲಿಲ್ಲ. ಮೊದಲು 'ಆಕಸ್ಮಿಕ ಏರುಪೇರು' ಅಂತ ಒಂದು ಗೆರೆ ಎಳೆದು ಬಿಟ್ಟಿದ್ದಳು. ಆಕಸ್ಮಿಕವಂತೆ. ಏನೂ ತಿಳಿಯದಿದ್ದಾಗ ಅವಳಂಥವರು ಬಳಸುವ ಮಾತು ಅದು.

ಪಟ್ಟಿಯಲ್ಲಿ ತಾರೀಖಿತ್ತು, ವಾರ ಇರಲಿಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿ ಕೂತಳು. ಅಕ್ಟೋಬರ್ ಹದಿನೈದು, ಸೋಮವಾರ. ನವೆಂಬರ್ ಎಂಟು, ಗುರುವಾರ. ಇಪ್ಪತ್ತೆರಡು, ಗುರುವಾರ. ಇಪ್ಪತ್ತಾರು, ಸೋಮವಾರ. ಹುಡುಗಿಯರು ಕುಸಿದ ಏಳು ಆಟಗಳಲ್ಲಿ ಒಂದೂ ಸೋಮವಾರ ಇಲ್ಲ, ಒಂದೂ ಗುರುವಾರ ಇಲ್ಲ.

ಸೋಮವಾರ, ಗುರುವಾರ. ಈ ಭಾಗದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಿನಗಳು. ಆ ಎರಡು ದಿನ ದಲಾಲನಾದವನು ಅಂಗಡಿ ಬಿಟ್ಟು ಅಲ್ಲಾಡುವಂತಿಲ್ಲ.

ಬ್ಯಾಡಗಿಯಲ್ಲಿ ಬಸ್ಸಿಳಿಯುತ್ತಲೇ ಕಣ್ಣಲ್ಲಿ ನೀರು, ಮೂಗಿನಲ್ಲಿ ಉರಿ. ಪೇಟೆಯ ತುಂಬ ಕೆಂಪು ರಾಶಿ. ಶಂಭುಲಿಂಗನ ಅಂಗಡಿ ಸಿಗುವಷ್ಟರಲ್ಲಿ ಹತ್ತು ಸಲ ಸೀನಿದ್ದಳು. ಅಂಗಡಿಯಲ್ಲಿ ತೂಕದ ಮುದುಕ ಮೌಲಾಸಾಬ ಒಬ್ಬನೇ ಇದ್ದ.

"ಸಾವ್ಕಾರ್ರು ಆಸ್ಪತ್ರ್ಯಾಗ ಅದಾರ್ರಿ. ಹತ್ತು ವರ್ಷದಾಗ ಪೇಟಿ ದಿನ ಅಂಗಡಿಗೆ ಬರದ ಇದ್ದದ್ದು ಇದ ಮೊದಲ." ಅವಳು ಮತ್ತೆ ಸೀನಿದಳು. ಮೌಲಾಸಾಬ ನಕ್ಕು ಕಪಾಟಿನಿಂದ ಒಂದು ಡಬ್ಬಿ ತೆಗೆದ. "ಹೊಸಬರಿಗೆ ಘಾಟು ತಡ್ಯಾಕಾಗೂದಿಲ್ಲ. ತೊಗೋರಿ, ಒಂದು ಗುಳಿಗಿ ನುಂಗ್ರಿ. ಎರಡು ನುಂಗಬ್ಯಾಡ್ರಿ ಮತ್ತ. ಬಸ್ಸಿನಾಗ ನಿದ್ದಿ ಹತ್ತಿ ಹುಬ್ಬಳ್ಳ್ಯಾಗ ಇಳೀತೀರಿ."

"ಇದು ಎಲ್ಲಾ ಅಂಗಡ್ಯಾಗೂ ಇರತೈತೇನು?"

"ಹಮಾಲರು ಇದನ್ನ ತಿಂದ ಬದುಕ್ಯಾರ್ರಿ. ನಮ್ಮಲ್ಲಿ ಇತ್ತಿತ್ತಲಾಗ ಡಬ್ಬಿ ಲಗೂ ಖಾಲಿ ಆಗಾಕತ್ತೈತಿ. ಯಾರು ತಿಂತಾರೋ." ಮುದುಕ ತಲೆ ಅಲ್ಲಾಡಿಸಿದ. "ಪಾಪ, ಸಾವ್ಕಾರ್ರಿಗೆ ಎಂಥಾ ಹೊತ್ತು ಬಂತು ನೋಡ್ರಿ. ಮಾಘದಾಗ ಮಗಳ ಮದವಿ ಗೊತ್ತಾಗಿತ್ತು. ಹುಡುಗಿ ಆಟ, ಆಟ ಅಂತ ಒಲ್ಲೆ ಅಂತಿತ್ತಂತ."

ಸುರೇಖಾ ಗುಳಿಗೆಯನ್ನು ನುಂಗಲಿಲ್ಲ. ಕರವಸ್ತ್ರದಲ್ಲಿ ಕಟ್ಟಿಕೊಂಡು ನೇರ ಹಾವೇರಿಗೆ, ಮೈಲಾರಲಿಂಗನ ಮುಂದೆ ಹೋಗಿ ಕೂತಳು.

ಅವನು ಎಲ್ಲ ಕೇಳಿದ. "ಮೇಡಂ, ನಿಮ್ಮ ಲೆಕ್ಕ ನನಗ ಹಿಡಸ್ತು. ಕೋರ್ಟಿಗೆ ಹಿಡಸೂದಿಲ್ಲ. ಜಗ್ಗು ತೊಳದಿಟ್ಟಾರ. ಗುಳಿಗಿ ಊರ ತುಂಬ ಅದಾವ. ಸೋಮವಾರ ಗುರುವಾರ ಅಂದ್ರ ಜಡ್ಜ್ ಸಾಹೇಬ್ರು ನಗತಾರ."

"ಹಂಗಾರ ಅವರ ಬಾಯಿಂದನ ಬರಬೇಕು," ಅಂದಳು ಸುರೇಖಾ. "ನಾಳೆ ಸಭಾ ಐತಿ. ನೀವೂ ಬರ್ರಿ. ಫಕ್ಕೀರಪ್ಪನ್ನೂ ಕರಕೊಂಡು ಬರ್ರಿ."

*

ಮಂಗಳವಾರ ಸಂಜೆ ಐದೂವರೆ. ರಾಣೆಬೆನ್ನೂರಿನ ಸಂಘದ ಕೋಣೆ. ಕಮಿಟಿಯವರು, ಹುಡುಗಿಯರು, ಬಾಗಿಲಲ್ಲಿ ಮೈಲಾರಲಿಂಗ, ಅವನ ಪಕ್ಕ ಫಕ್ಕೀರಪ್ಪ. ಅಧ್ಯಕ್ಷರ ಕುರ್ಚಿಯಲ್ಲಿ ಶಂಭುಲಿಂಗ. ಶ್ವೇತಾಳಿಗೆ ಭಾನುವಾರ ಎಚ್ಚರ ಬಂದಿತ್ತು. ಅಪ್ಪನ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ಮೇಡಂ, ನಿಮ್ಮ ವರದಿ ಓದ್ರಿ. ಬ್ಯಾಗನ ಮುಗಸೂಣು," ಅಂದ.

ಸುರೇಖಾ ಎದ್ದು ನಿಂತಳು.

"ನನ್ನ ವರದಿ ತಪ್ಪೈತಿ," ಅಂದಳು. "ಒಬ್ಬ ಹುಡುಗಿನ್ನ ಲೆಕ್ಕದಿಂದ ಹೊರಗಿಟ್ಟಿದ್ದೆ."

ಕೋಣೆಯಲ್ಲಿ ಗುಜುಗುಜು ಎದ್ದಿತು. ಆಕೆ ನಿಲ್ಲಿಸಲಿಲ್ಲ. ಬಿಬಿಜಾನಳ ಹನ್ನೊಂದು ಆಟ ಬೋರ್ಡಿನ ಮೇಲೆ ಬರೆದಳು. ಕುಡಿದಾಗ ಕುಸಿದಳು, ಕುಡಿಯದಾಗ ಕುಸಿಯಲಿಲ್ಲ. ಗ್ಲೂಕೋಸ್ ಬೀಳುವ ಮೊದಲೇ ಕುಡಿದ ರುದ್ರಮುನಿ ಮನೆಗೆ ಹೋಗಿ ಬಿದ್ದ. ಅಂದರೆ ಮದ್ದು ಪಾನಕದ ಜೊತೆಗೇ ಬಂದದ್ದು. ಯಾರ ಹೆಸರನ್ನೂ ಹೇಳಲಿಲ್ಲ. ಶಂಭುಲಿಂಗ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದ.

"ಇಷ್ಟೆಲ್ಲಾ ಬರೇ ಅಂಕಿ," ಅಂದ.

"ಅಂಕಿ ಒಂದ ಅಲ್ರಿ. ಶನಿವಾರ ಬಿಬಿಜಾನ್ ಸಂಜೀಗೆ ರೋಜಾ ಬಿಡಾಕ ಅಂತ ಜಗ್ಗಿನಿಂದ ಒಂದು ಬಾಟ್ಲಿ ಪಾನಕ ತುಂಬಿ ಇಟಗೊಂಡಿದ್ಲು. ಗದ್ದಲದಾಗ ಮರತ್ಲು. ಇವತ್ತ ನೆನಪಾಗಿ ತಂದಾಳ. ನಾಳೆ ತಪಾಸಣಿಗೆ ಹೋಗತೈತಿ."

ಬಿಬಿಜಾನ್ ಕೈಯಲ್ಲಿ ಬಾಟಲಿ ಹಿಡಿದು ಮೂಲೆಯಲ್ಲಿ ಕೂತಿದ್ದಳು. ಕಿಟಕಿಯ ಹೊರಗೆ ಬೆಳಕು ಇಳಿಯುತ್ತಿತ್ತು. ಮಸೀದಿಯಿಂದ ಆಜಾನ್ ಕೇಳಿಸಿತು.

ಬಿಬಿಜಾನ್ ಸೆರಗಿನಿಂದ ಒಂದು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡಳು. ಬಾಟಲಿಯ ಮುಚ್ಚಳ ತಿರುವಿದಳು.

"ಏ ಹುಡುಗಿ, ಅದು ತಪಾಸಣಿದು," ಅಂದರು ಕಮಿಟಿಯ ಯಾರೋ.

"ಒಂದ ಗುಟುಕರಿ. ಇಡೀ ದಿನ ನೀರಿಲ್ಲ," ಅಂತ ಆಕೆ ಬಾಟಲಿಯನ್ನು ತುಟಿಗೆ ಎತ್ತಿದಳು.

ಕುರ್ಚಿ ಹಿಂದಕ್ಕೆ ಬಿತ್ತು. ಶಂಭುಲಿಂಗ ಮೇಜನ್ನು ದಾಟಿ ಹೇಗೆ ಬಂದನೋ ಯಾರಿಗೂ ತಿಳಿಯಲಿಲ್ಲ. ಬಾಟಲಿಯನ್ನು ಅವಳ ಕೈಯಿಂದ ಹೊಡೆದು ಬೀಳಿಸಿದ. "ಬ್ಯಾಡವ್ವಾ. ಕುಡೀಬ್ಯಾಡ. ಖಾಲಿ ಹೊಟ್ಟ್ಯಾಗ ಅದು... ಬ್ಯಾಡ."

ನೆಲದ ಮೇಲೆ ಪಾನಕ ಹರಿಯಿತು. ಅವನಿಗೆ ತಾನೇನು ಮಾಡಿದೆ ಅನ್ನುವುದು ಆಮೇಲೆ ಗೊತ್ತಾಯಿತು.

"ಅದು ನಾ ಇವತ್ತ ಮಾಡಿದ ಪಾನಕರಿ," ಸುರೇಖಾ ಮೆಲ್ಲಗೆ ಅಂದಳು. "ಅದರಾಗ ಏನೂ ಇಲ್ಲ. ಬರೇ ಅಂಕಿ ಅಂದವರು ಒಂದ ಗುಟುಕಿಗೆ ಯಾಕ ಇಷ್ಟು ಅಂಜಿದ್ರಿ? ಶನಿವಾರದ್ದರಾಗ ಎಷ್ಟು ಬಿದ್ದಿತ್ತು ಅಂತ ನಿಮಗ ಹೆಂಗ ಗೊತ್ತು?"

ಶಂಭುಲಿಂಗ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಸುರೇಖಾ ಉಳಿದ ಲೆಕ್ಕವನ್ನೂ ಹೇಳಿ ಮುಗಿಸಿದಳು. ಸೋಮವಾರ ಮತ್ತು ಗುರುವಾರದ ನಾಲ್ಕು ಆಟ. ಹುಡುಗಿಯರನ್ನು ಕೇಳಿ ತಿಳಿದುಕೊಂಡಿದ್ದಳು: ಅವತ್ತು ಜೀಪು ಬರಲಿಲ್ಲ, ಜಗ್ಗು ಬರಲಿಲ್ಲ. ಫಕ್ಕೀರಪ್ಪ ನಳದ ನೀರಿಗೆ ಗ್ಲೂಕೋಸ್ ಕಲಸಿ ಕೊಟ್ಟ. ಅವತ್ತು ಯಾರೂ ಕುಸಿಯಲಿಲ್ಲ. ಕೋಚ್ ಹನ್ನೊಂದು ಆಟದಲ್ಲೂ ಇದ್ದ, ಅವನ ಬೈಗುಳವೂ ಇತ್ತು. ಜಗ್ಗು ಬಂದ ದಿನ ಮಾತ್ರ ಹುಡುಗಿಯರು ಬಿದ್ದರು.

"ಆಕಿ ಒಲ್ಲೆ ಅಂತಿದ್ಲು ಮದವಿ," ಶಂಭುಲಿಂಗ ನೆಲ ನೋಡುತ್ತ ಹೇಳಿದ. "ಕೋಚ್ ಆಕಿ ತಲ್ಯಾಗ ರಾಜ್ಯ ತಂಡ, ಬೆಂಗಳೂರು ಅಂತ ತುಂಬಿದ್ದ. ಆಟ ಬಿಡು ಅಂತ ಅನ್ನಾಕ ನನಗ ಬಾಯಿ ಬರಲಿಲ್ಲ. ಒಬ್ಬಾಕಿ ಮಗಳು. ಆಕಿ ಕಣ್ಣಾಗ ನಾ ಕೆಟ್ಟಾವ ಆಗಬಾರದಿತ್ತು. ಸೋತು ಸೋತು ತಾನ ಬಿಡಲಿ, ಕೋಚಿಂದ ಸೋತೆ ಅನಕೊಳ್ಳಲಿ ಅಂತ ಮಾಡಿದೆ. ಮೇಡಂ ವರದಿ ಬಂದ ಮ್ಯಾಲೆ ಧೈರ್ಯ ಬಂತು. ಶನಿವಾರ ಆಯ್ಕಿ ಇತ್ತಲ್ಲ. ಒಂದೀಟು ಜಾಸ್ತಿ ಹಾಕಿದೆ. ಆ ಕಂಬ ಅಲ್ಲಿ ಇರತೈತಿ ಅಂತ ವಿಚಾರ ಮಾಡಲಿಲ್ಲರಿ."

ಮೈಲಾರಲಿಂಗ ಅವನ ತೋಳು ಹಿಡಿದು ಎಬ್ಬಿಸಿದ. ಬಾಗಿಲಲ್ಲಿ ಫಕ್ಕೀರಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಎಲ್ಲರೂ ಹೋದ ಮೇಲೆ ಸುರೇಖಾ ಅವನ ಮುಂದೆ ನಿಂತಳು. "ನನ್ನಿಂದ ಭಾಳ ದೊಡ್ಡ ತಪ್ಪಾತ್ರಿ. ಕ್ಷಮಾ ಕೇಳಾಕೂ ಮುಖ ಇಲ್ಲ."

"ಕ್ಷಮಾ ತೊಗೊಂಡು ನಾ ಏನ್ ಮಾಡ್ಲಿ? ವರದಿ ತಿದ್ದಿ ಬರೀರಿ," ಅಂದ ಫಕ್ಕೀರಪ್ಪ. "ಎಂಟೂ ಹೆಸರು ಹಾಕ್ರಿ."

*

ಬುಧವಾರ ಬೆಳಿಗ್ಗೆ ಶ್ವೇತಾ ದಿಂಬಿಗೆ ಒರಗಿ ಕೂತಿದ್ದಳು. ತಲೆಗೆ ಪಟ್ಟಿ. ಸುದ್ದಿಯನ್ನು ಮೈಲಾರಲಿಂಗ ರಾತ್ರಿಯೇ ತಿಳಿಸಿ ಹೋಗಿದ್ದ. ಆಕೆ ಅತ್ತಂತೆ ಕಾಣಲಿಲ್ಲ. ಅದಕ್ಕೇ ಸುರೇಖಾಳಿಗೆ ಹೆಚ್ಚು ಅಂಜಿಕೆಯಾಯಿತು.

"ಮೇಡಂ, ಹೊಸಾ ವರದಿ ಬರದೀರಂತಲ್ಲ. ನಂದೇನೈತಿ ಅದರಾಗ?"

"ಆರಾಮ ಆಗು ಮೊದಲ. ಆಮ್ಯಾಲೆ ನೋಡಿದ್ರಾತು."

"ಈಗ ಹೇಳ್ರಿ. ಪಾನಕ ಇಲ್ಲದ ನಾಲ್ಕು ಆಟದಾಗ ನಾ ಹೆಂಗ ಆಡಿದ್ದೆ?"

ಸುರೇಖಾ ಹಾಳೆಯನ್ನು ತೆಗೆದು ಅವಳ ಮಡಿಲಲ್ಲಿಟ್ಟಳು. ಎಂಟೂ ಹುಡುಗಿಯರು ಹೋದ ವರ್ಷಕ್ಕಿಂತ ಮುಂದಿದ್ದರು, ಎರಡೂ ಅರ್ಧದಲ್ಲಿ. ಕೋಚ್ ಅಂದರೆ ಹೀಗಿರಬೇಕು ಅನ್ನುವಂಥ ಅಂಕಿಗಳು. ಅವುಗಳಲ್ಲಿ ಒಂದು ಹೆಸರಿನ ಎದುರಿನ ಅಂಕಿ ಉಳಿದೆಲ್ಲವನ್ನೂ ದಾಟಿ ಹೋಗಿತ್ತು.

"ನಿನ್ನಷ್ಟು ಚೊಲೋ ಆಡಾಕಿ ಜಿಲ್ಲಾದಾಗ ಇಲ್ಲ. ಆಯ್ಕಿ ಆಗೇ ಆಗ್ತಿದ್ದಿ. ಅನುಮಾನನ ಇಲ್ಲ."

ಶ್ವೇತಾ ಆ ಅಂಕಿಯ ಮೇಲೆ ಬೆರಳಿಟ್ಟಳು.

"ಇದು ನಿಮಗ ನಿನ್ನೆ ಗೊತ್ತಾತು," ಅಂದಳು. "ಕೋಚ್‌ಗೂ ಪೂರಾ ನಂಬಿಕಿ ಇದ್ದಿದ್ದಿಲ್ಲ, ನನಗೂ ಇದ್ದಿದ್ದಿಲ್ಲ. ಅಪ್ಪಗ ಒಬ್ಬಗ ಗೊತ್ತಿತ್ತು ನೋಡ್ರಿ. ನಾ ಸೋಲ್ತೇನಿ ಅನಿಸಿದ್ರ ಅಂವ ಯಾಕ ಗುಳಿಗಿ ಹಾಕ್ತಿದ್ದ?"

ಆಮೇಲೆ ಅವಳಿಗೆ ಅಳು ಬಂತು. ಸುರೇಖಾ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.